ಗರ್ಭಕಂಠದ ಕ್ಯಾನ್ಸರ್‌ಗೆ ನ್ಯಾನೋ ಔಷಧಿ ಅಂತಾರಲ್ಲ, ಅದು ಮಾಮೂಲಿ ಕೀಮೋಗಿಂತ ಹೇಗೆ ಬೇರೆ?

ಮದ್ದು ಹೆಚ್ಚಾಗಿ ಹಳೆಯದೇ, ಅದು ಹೋಗುವ ದಾರಿ ಬೇರೆ. ಈ ಕ್ಯಾನ್ಸರ್‌ಗೆ ರೇಡಿಯೇಷನ್ ಜೊತೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಮದ್ದಿನ ಡ್ರಿಪ್ ಹಾಕುತ್ತಾರೆ. ಅದು ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ಗಡ್ಡೆಗೂ ಹೊಡೆತ, ಕಿಡ್ನಿಗೂ ಹೊಡೆತ. ವಾಂತಿ ಬೇರೆ.

ನ್ಯಾನೋ ವಿಧಾನದಲ್ಲಿ ಮದ್ದನ್ನು ಕೊಬ್ಬಿನ ಅಥವಾ ಪಾಲಿಮರ್‌ನ ಪುಟ್ಟ ಕಣದೊಳಗೆ ತುಂಬುತ್ತಾರೆ. ಗಾತ್ರ ಸುಮಾರು 100 ನ್ಯಾನೋಮೀಟರ್. ಗಡ್ಡೆಯ ರಕ್ತನಾಳಗಳು ಸೋರುವಂಥವು, ಅಲ್ಲಿ ಕಣ ನುಸುಳಿ ಒಳಗೇ ಉಳಿಯುತ್ತದೆ ಅನ್ನೋದು ಲೆಕ್ಕಾಚಾರ. ಕೇಳೋಕೆ ಚೆಂದ, ಅಲ್ವಾ? ಆದರೆ ಹಲವು ಪ್ರಾಣಿ ಪ್ರಯೋಗಗಳನ್ನು 2016ರಲ್ಲಿ ಒಟ್ಟಿಗೆ ನೋಡಿದಾಗ, ಗಡ್ಡೆ ತಲುಪಿದ್ದು ಕೊಟ್ಟ ಕಣಗಳಲ್ಲಿ ಸುಮಾರು 0.7% ಮಾತ್ರ. ಜಾಸ್ತಿ ಪಾಲನ್ನು ಲಿವರ್, ಗುಲ್ಮದಂಥ ಅಂಗಗಳು ಹಿಡಿದಿಡುತ್ತವೆ.

ಗರ್ಭಕಂಠಕ್ಕೆ ಒಂದು ಅನುಕೂಲ ಇದೆ. ಯೋನಿಯ ಮೂಲಕ ಅಲ್ಲಿಗೆ ನೇರವಾಗಿ ಮದ್ದು ಹಚ್ಚಬಹುದು. ಜೆಲ್ ರೂಪದಲ್ಲಿ ಕೊಡುವ ಪ್ರಯತ್ನ ನಡೆದಿದೆ. ಅಡ್ಡಿ ಅಲ್ಲಿನ ಲೋಳೆಯದು: ಕಣಗಳನ್ನು ಅಂಟಿಸಿಕೊಂಡು ಹೊರಗೆ ತಳ್ಳಿಬಿಡುತ್ತದೆ. ಪಿಇಜಿ ಎಂಬ ಪಾಲಿಮರ್‌ ಅನ್ನು ಒತ್ತಾಗಿ ಲೇಪಿಸಿದರೆ ಕಣ ಅಂಟದೆ ಜಾರಿ ಒಳಗಿಳಿಯುತ್ತದೆ. ನನಗೆ ಹೆಚ್ಚು ಭರವಸೆ ಈ ದಾರಿಯ ಮೇಲೇ.

ನ್ಯಾನೋ ಕೀಮೋ ಹೊಸದೇನಲ್ಲ, ಡಾಕ್ಸಿಲ್ ಎಂಬ ಇಂಥ ಮದ್ದಿಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಬೇರೆ ಕ್ಯಾನ್ಸರ್‌ಗೆ. ಗರ್ಭಕಂಠದ ವಿಷಯದಲ್ಲಿ ಇದು ಹೆಚ್ಚಾಗಿ ಪ್ರಯೋಗದ ಹಂತದಲ್ಲೇ ಇದೆ. ಡಾಕ್ಟರ್ ಹೇಳಿದ ಚಿಕಿತ್ಸೆ ಬಿಟ್ಟು ಸುಮ್ನೆ ಇದಕ್ಕೆ ಕಾಯಬೇಡಿ.