ಕೌಬಾಯ್ ಸಿನಿಮಾದಲ್ಲೂ ಮೆಲೋಡ್ರಾಮಾ ಇರುತ್ತಾ?

ಪ್ರಶ್ನೆ: ಹಳೇ ಹಾಲಿವುಡ್ ಸಿನಿಮಾಗಳ ಬಗ್ಗೆ ಓದುತ್ತಿದ್ದೇನೆ. ಕೌಬಾಯ್ ಸಿನಿಮಾ, ಕ್ರೈಂ ಸಿನಿಮಾಗಳನ್ನೂ ಕೆಲವರು ಮೆಲೋಡ್ರಾಮಾ ಅಂತಾರೆ. ಮೆಲೋಡ್ರಾಮಾ ಅಂದ್ರೆ ಅಳಿಸುವ ಸಿನಿಮಾ ಅಲ್ವಾ? ಕುದುರೆ, ಬಂದೂಕಿನ ಕಥೆಗೂ ಅದಕ್ಕೂ ಏನು ಸಂಬಂಧ? ಯಾವುದನ್ನು ಮೊದಲು ನೋಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ತುಂಬಾ ಹತ್ತಿರದ ಸಂಬಂಧ ಇದೆ. ನಟನೆ ಸ್ವಲ್ಪ ಜಾಸ್ತಿಯಾದರೆ ಸಾಕು, ನಾವು ‘ಮೆಲೋಡ್ರಾಮಾ’ ಅಂತ ಮೂಗು ಮುರಿಯುತ್ತೇವೆ. ಆದರೆ 1930–40ರ ದಶಕಗಳಲ್ಲಿ ಅಮೆರಿಕದ ಸಿನಿಮಾ ಉದ್ಯಮದ ಪತ್ರಿಕೆಗಳು ಈ ಹೆಸರನ್ನು ಹೆಚ್ಚಾಗಿ ಕೊಡುತ್ತಿದ್ದದ್ದು ಕೊಲೆ, ಕಳ್ಳತನ, ಹೊಡೆದಾಟದ ಸಿನಿಮಾಗಳಿಗೆ. ಸ್ಟೀವ್ ನೀಲ್ ಎಂಬ ವಿದ್ವಾಂಸರು ಆ ಹಳೇ ಪತ್ರಿಕೆಗಳನ್ನು ಜಾಲಾಡಿ ಇದನ್ನು ತೋರಿಸಿಕೊಟ್ಟರು. ಲಿಂಡಾ ವಿಲಿಯಮ್ಸ್ ಎಂಬ ಇನ್ನೊಬ್ಬ ವಿದ್ವಾಂಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಮೆರಿಕದ ಜನಪ್ರಿಯ ಸಿನಿಮಾ ಕಥೆ ಹೇಳುವ ರೀತಿಯೇ ಇದು ಅಂದರು. ನನಗೂ ಹಾಗೇ ಅನ್ನಿಸುತ್ತದೆ.

ಆ ರೀತಿ ಏನು ಅಂದ್ರೆ, ಕಥೆಯಲ್ಲಿ ಒಬ್ಬರ ಒಳ್ಳೆಯತನ ಊರಿಗೆ ಕಾಣುವುದಿಲ್ಲ, ನೋಡುವ ನಮಗೆ ಮಾತ್ರ ಕಾಣುತ್ತದೆ. ಊರಿಗೆ ಅದು ಯಾವಾಗ ಗೊತ್ತಾಗುತ್ತೆ, ಅಷ್ಟರಲ್ಲಿ ಕಾಲ ಮಿಂಚಿಬಿಡುತ್ತಾ ಅಂತ ನಾವು ಚಡಪಡಿಸುತ್ತೇವೆ. ಗ್ರಿಫಿತ್ ನಿರ್ದೇಶನದ 1920ರ ‘ವೇ ಡೌನ್ ಈಸ್ಟ್’ ಮೂಕಿ ಸಿನಿಮಾದಲ್ಲಿ ಸುಳ್ಳು ಮದುವೆಯಿಂದ ಮೋಸಹೋದ ಹುಡುಗಿಯನ್ನು ಹಿಮಗಾಳಿಯ ರಾತ್ರಿಯಲ್ಲಿ ಮನೆಯಿಂದ ಆಚೆ ಹಾಕುತ್ತಾರೆ. ಅವಳು ಮಂಜುಗಡ್ಡೆಯ ಮೇಲೆ ಪ್ರಜ್ಞೆತಪ್ಪಿ ಬಿದ್ದು ಜಲಪಾತದ ಕಡೆಗೆ ತೇಲುತ್ತಿರುವಾಗ ನಾಯಕ ಗಡ್ಡೆಯಿಂದ ಗಡ್ಡೆಗೆ ಹಾರುತ್ತಾ ಬಂದು ಎತ್ತಿಕೊಳ್ಳುತ್ತಾನೆ. ಕಣ್ಣೀರೂ ಸಾಹಸವೂ ಒಂದೇ ದೃಶ್ಯದಲ್ಲಿವೆ ನೋಡಿ.

ಈಗ ಕುದುರೆ, ಬಂದೂಕಿಗೆ ಬರೋಣ. ಜಾನ್ ಫೋರ್ಡ್ 1939ರಲ್ಲಿ ಮಾಡಿದ ‘ಸ್ಟೇಜ್‌ಕೋಚ್’. ಊರಿನ ಮರ್ಯಾದಸ್ಥ ಹೆಂಗಸರು ಸೇರಿ ಡಲಾಸ್ ಎಂಬ ವೇಶ್ಯೆಯನ್ನು ಓಡಿಸುತ್ತಾರೆ. ಅವಳು ಹತ್ತಿದ ಬಂಡಿಯಲ್ಲೇ ಲೂಸಿ ಅನ್ನುವ ಸೇನಾಧಿಕಾರಿಯ ಹೆಂಡತಿಯೂ ಇದ್ದಾಳೆ, ತುಂಬು ಗರ್ಭಿಣಿ. ದಾರಿಯಲ್ಲಿ ಊಟಕ್ಕೆ ನಿಲ್ಲುತ್ತಾರೆ. ಡಲಾಸ್ ಬಂದು ಕೂತ ಕೂಡಲೇ ಲೂಸಿಯನ್ನು ಕರೆದುಕೊಂಡು ಹೋಗಿ ಮೇಜಿನ ಆ ತುದಿಯಲ್ಲಿ ಕೂರಿಸುತ್ತಾರೆ. ಜೊತೆಗಿದ್ದ ರಿಂಗೋ, ಅಂದರೆ ಜಾನ್ ವೇಯ್ನ್, ಜೈಲಿನಿಂದ ತಪ್ಪಿಸಿಕೊಂಡು ಬಂದ ತನ್ನಿಂದಲೇ ಅವರು ಎದ್ದುಹೋದರು ಅಂದುಕೊಳ್ಳುತ್ತಾನೆ! ಮುಂದಿನ ತಂಗುದಾಣದಲ್ಲಿ ಲೂಸಿಗೆ ಹೆರಿಗೆಯಾಗುತ್ತದೆ. ರಾತ್ರಿಯೆಲ್ಲ ಎದ್ದಿದ್ದು ಬಾಣಂತಿ, ಮಗುವನ್ನು ನೋಡಿಕೊಳ್ಳುವವಳು ಅದೇ ಡಲಾಸ್. ಅತ್ತ ಎಲ್ಲರೂ ಗೌರವ ಕೊಡುವ ಬ್ಯಾಂಕಿನ ಯಜಮಾನ ಬ್ಯಾಂಕಿನ ದುಡ್ಡು ಹೊಡೆದುಕೊಂಡು ಓಡುತ್ತಿರುವ ಕಳ್ಳ. ಕೊನೆಯ ಗುಂಡಿನ ಕಾಳಗದಲ್ಲಂತೂ ರಿಂಗೋ ನೆಲಕ್ಕೆ ಬಿದ್ದು ಗುಂಡು ಹಾರಿಸುತ್ತಿದ್ದಂತೆ ಕ್ಯಾಮೆರಾ ಡಲಾಸ್ ಕಡೆಗೆ ಹೋಗಿಬಿಡುತ್ತದೆ. ಕತ್ತಲಲ್ಲಿ ಕಾಯುತ್ತಾ ನಿಂತವಳ ಮುಖ ನೋಡುತ್ತಾ ನಾವು ಬಂದೂಕಿನ ಸದ್ದು ಕೇಳುತ್ತೇವೆ, ಅಷ್ಟೇ. ಯಾರು ಸತ್ತರು, ಯಾರು ಉಳಿದರು ಅಂತ ಅವಳಂತೆ ನಮಗೂ ಗೊತ್ತಿಲ್ಲ. ಕೌಬಾಯ್ ಸಿನಿಮಾದ ಎದೆಯಲ್ಲೇ ಮೆಲೋಡ್ರಾಮಾ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ನೀವು ಹೇಳುವ ‘ಅಳಿಸುವ ಸಿನಿಮಾ’ದಲ್ಲೂ ನಡೆಯುವುದು ಇದೇ, ಆದರೆ ಅಲ್ಲಿ ಕುದುರೆ ಏರಿ ಬಂದು ಕಾಪಾಡುವವರು ಯಾರೂ ಇಲ್ಲ. ಕಿಂಗ್ ವಿಡೋರ್ ನಿರ್ದೇಶನದ 1937ರ ‘ಸ್ಟೆಲ್ಲಾ ಡಲಾಸ್’ ತೆಗೆದುಕೊಳ್ಳಿ (ಮೇಲಿನ ಡಲಾಸ್‌ಗೂ ಇವಳಿಗೂ ಸಂಬಂಧವಿಲ್ಲ). ರೈಲಿನಲ್ಲಿ ರಾತ್ರಿ ತಾಯಿ ಒಂದು ಬರ್ತಿನಲ್ಲಿ, ಮಗಳು ಇನ್ನೊಂದರಲ್ಲಿ. ತಾಯಿಯ ಉಡುಗೆ ತೊಡುಗೆಯನ್ನು ಬೇರೆ ಹುಡುಗಿಯರು ಆಡಿಕೊಂಡು ನಗುವುದು ಇಬ್ಬರ ಕಿವಿಗೂ ಬೀಳುತ್ತದೆ. ಮಗಳು ಇಳಿದುಬಂದು ತಾಯಿಯ ಪಕ್ಕ ಮಲಗುತ್ತಾಳೆ. ತಾಯಿ ಏನೂ ಕೇಳದವಳಂತೆ ಕಣ್ಣು ಮುಚ್ಚಿರುತ್ತಾಳೆ. ಎಲ್ಲಿದೆ ಇದರಲ್ಲಿ ಅತಿ? ಆ ನಗುವಿನ ಬಗ್ಗೆ ಇಬ್ಬರೂ ಒಂದು ಮಾತೂ ಆಡುವುದಿಲ್ಲ. ಆಮೇಲೆ ಮಗಳು ಶ್ರೀಮಂತರ ಮನೆ ಸೇರಲಿ ಅಂತ ತಾಯಿ ಬೇಕೆಂದೇ ಕೆಟ್ಟವಳ ಹಾಗೆ ನಟಿಸುತ್ತಾಳೆ, ಕೊನೆಗೆ ಮಗಳ ಮದುವೆಯನ್ನು ಮಳೆಯಲ್ಲಿ ಬೇಲಿಯಾಚೆ ನಿಂತು ಕಿಟಕಿಯಿಂದ ನೋಡುತ್ತಾಳೆ. ಇದನ್ನು ಸುಮ್ನೆ ಗೋಳು ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಕ್ರೈಂ ವಿಷಯಕ್ಕೆ 1945ರ ‘ಮಿಲ್ಡ್ರೆಡ್ ಪಿಯರ್ಸ್’ ಇದೆ. ಅದರ ಮೂಲ ಕಾದಂಬರಿಯಲ್ಲಿ ಕೊಲೆಯೇ ಇಲ್ಲ. ಸಿನಿಮಾ ಮಾಡುವಾಗ ಕೊಲೆಯೊಂದನ್ನು ಸೇರಿಸಿ, ತಾಯಿ-ಮಗಳ ಕಥೆಯನ್ನು ಪೊಲೀಸ್ ವಿಚಾರಣೆಯೊಳಗೆ ಇಟ್ಟರು. ಎರಡೂ ಎಷ್ಟು ಸಲೀಸಾಗಿ ಬೆರೆಯುತ್ತವೆ ಅಂತ ನೋಡಿದಾಗ ಗೊತ್ತಾಗುತ್ತದೆ.

ಮೊದಲು ‘ಸ್ಟೇಜ್‌ಕೋಚ್’ ನೋಡಿ, ಒಂದೂವರೆ ಗಂಟೆಗಿಂತ ಸ್ವಲ್ಪವೇ ಹೆಚ್ಚು ಹೊತ್ತಿನಲ್ಲಿ ಮುಗಿಯುತ್ತದೆ. ಆಮೇಲೆ ‘ಸ್ಟೆಲ್ಲಾ ಡಲಾಸ್’. ‘ಸ್ಟೇಜ್‌ಕೋಚ್’ನಲ್ಲಿ ಬಂಡಿಯ ಮೇಲೆ ಬೀಳುವ ಅಪಾಚೆ ಎಂಬ ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರನ್ನು ಫೋರ್ಡ್ ಬರೀ ದಾಳಿಕೋರರಂತೆ ತೋರಿಸಿರುವುದನ್ನೂ ಗಮನಿಸಿ. ಒಬ್ಬರ ಒಳ್ಳೆಯತನ ಕಾಣಿಸುವುದಕ್ಕೆ ಈ ರೀತಿಯ ಕಥೆಗೆ ಯಾರಾದರೂ ಖಳರು ಬೇಕೇ ಬೇಕು, ಆ ಜಾಗಕ್ಕೆ ಹಾಲಿವುಡ್ ಯಾರನ್ನು ತಂದು ನಿಲ್ಲಿಸಿತು ಅನ್ನುವುದನ್ನು ಬೇರೆಯಾಗಿಯೇ ಕೇಳಬೇಕು.