ದೇಶ ಬಿಟ್ಟ ಮೇಲಿನ ಪಡಿಯಾ

ಕ್ಯೂಬಾ ತೊರೆದ ಮೇಲೆ ಕವಿ ಎಬೆರ್ತೊ ಪಡಿಯಾ ಬರವಣಿಗೆಯನ್ನೇ ನಿಲ್ಲಿಸಿದರೇ ಎಂದು ಕೇಳಿದ್ದೀರಿ. ನಿಲ್ಲಿಸಲಿಲ್ಲ. 1968ರಲ್ಲಿ ಅವರ ‘ಆಟದಿಂದ ಹೊರಗೆ’ ಎಂಬ ಅರ್ಥದ ಶೀರ್ಷಿಕೆಯ ಸಂಕಲನಕ್ಕೆ ತೀರ್ಪುಗಾರರು ಬಹುಮಾನ ಕೊಟ್ಟರೆ, ಬಹುಮಾನವನ್ನು ಏರ್ಪಡಿಸಿದ್ದ ಕ್ಯೂಬಾದ ಲೇಖಕರ ಸಂಘವೇ ಅದನ್ನು, ಆ ಕವಿತೆಗಳು ಕ್ಯೂಬಾದ ಕ್ರಾಂತಿಗೆ ವಿರುದ್ಧವೆಂಬ ತನ್ನ ಆಕ್ಷೇಪಣೆಯ ಹೇಳಿಕೆಯೊಡನೆ ಅಚ್ಚುಹಾಕಿತು (ಇಂಥ ಮುನ್ನುಡಿ ಅಪರೂಪವೇ ಸರಿ). 1971ರ ಮಾರ್ಚಿನಲ್ಲಿ ಬಂಧಿತರಾದ ಅವರು, ಬಿಡುಗಡೆಯಾದ ಕೂಡಲೇ ಅದೇ ಸಂಘದ ಸಭೆಯಲ್ಲಿ ತಮ್ಮನ್ನೂ ಪತ್ನಿ, ಕವಯಿತ್ರಿ ಬೆಲ್ಕಿಸ್ ಕೂಸಾ ಮಾಲೆಯನ್ನೂ ಗೆಳೆಯರನ್ನೂ ತಪ್ಪಿತಸ್ಥರೆಂದು ಸಾರಬೇಕಾಯಿತು. ಫ್ರಾನ್ಸಿನ ತತ್ತ್ವಜ್ಞಾನಿ ಸಾರ್ತ್ರ್, ಪೆರುವಿನ ಕಾದಂಬರಿಕಾರ ವರ್ಗಾಸ್ ಯೋಸಾ ಮೊದಲಾದವರು ಇದನ್ನು ಬಹಿರಂಗವಾಗಿ ಪ್ರತಿಭಟಿಸಿದರು. 1980ರಲ್ಲಿ ಅಮೆರಿಕ ಸೇರಿದ ಬಳಿಕ ಅವರು ಒಂದು ಕಾದಂಬರಿಯನ್ನೂ, 1989ರಲ್ಲಿ ನೆನಪುಗಳ ಪುಸ್ತಕವನ್ನೂ ಪ್ರಕಟಿಸಿದರು, ಪತ್ನಿಯೊಡನೆ ಪತ್ರಿಕೆಯನ್ನೂ ನಡೆಸಿದರು. ಆದರೂ ನನ್ನ ಓದಿನಲ್ಲಿ, ಆ ಹಳೆಯ ಸಂಕಲನದ ಒಣ ವ್ಯಂಗ್ಯದ ಮೊನಚು ಮುಂದಿನ ಬರಹಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅವರು 2000ದಲ್ಲಿ ಅಲಬಾಮಾದ ಆಬರ್ನ್‌ನಲ್ಲಿ ತೀರಿಕೊಂಡರು.