ಕೋಡ್ ಬರೆದ ಗಂಟೆಗಳ ಲೆಕ್ಕ

ಪ್ರಶ್ನೆ: ಮನೆಯಿಂದಲೇ ಫ್ರೀಲ್ಯಾನ್ಸ್ ಕೋಡಿಂಗ್ ಮಾಡುತ್ತೇನೆ. ಮೂರು ಪ್ರಾಜೆಕ್ಟ್ ಒಟ್ಟಿಗೆ ನಡೆಯುತ್ತಿವೆ, ಬಿಲ್ ಗಂಟೆ ಲೆಕ್ಕದಲ್ಲಿ. ಟೈಮರ್ ಒತ್ತುವುದು ಮರೆತೇ ಹೋಗುತ್ತದೆ ಅಂತ ನಾನು ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ಗೆ, ಸಮಯದ ಲೆಕ್ಕ ತಾನೇ ಇಡುವ ವಾಕಾಟೈಮ್ ಪ್ಲಗಿನ್ ಹಾಕಿಕೊಂಡೆ. ಇಡೀ ದಿನ ಕೂತರೂ ತೋರಿಸುವುದು ನಾಲ್ಕು ಗಂಟೆ ಚಿಲ್ಲರೆ. ಇದನ್ನೇ ನಂಬಿ ಬಿಲ್ ಮಾಡಲಾ?
— ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಆ ನಾಲ್ಕು ಗಂಟೆ ಸುಳ್ಳಲ್ಲ, ಆದರೆ ಅದು ಎಡಿಟರ್‌ನಲ್ಲಿ ನಿಮ್ಮ ಕೈ ಆಡಿದ ಹೊತ್ತು ಅಷ್ಟೇ. ನೀವು ಟೈಪ್ ಮಾಡುತ್ತಿರುವಾಗ, ಫೈಲ್ ಬದಲಿಸಿದಾಗ, ಸೇವ್ ಮಾಡಿದಾಗ ಪ್ಲಗಿನ್ ಒಂದು ಸಣ್ಣ ಸುದ್ದಿ ಕಳಿಸುತ್ತದೆ. ಅದಕ್ಕೆ ಹಾರ್ಟ್‌ಬೀಟ್ ಅಂತಾರೆ. ಒಂದೇ ಫೈಲಿನಲ್ಲಿ ಬರೆಯುತ್ತಲೇ ಇದ್ದರೆ ಎರಡು ನಿಮಿಷಕ್ಕೊಂದು ಹೋಗುತ್ತದೆ. ಯಾವ ಪ್ರಾಜೆಕ್ಟ್ ಅನ್ನುವುದನ್ನು ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ) ಫೋಲ್ಡರ್ ನೋಡಿ ತಾನೇ ಕಂಡುಕೊಳ್ಳುತ್ತದೆ, ಹಾಗಾಗಿ ಮೂರು ಪ್ರಾಜೆಕ್ಟೂ ತಾನಾಗಿಯೇ ಬೇರೆ ಬೇರೆ ಲೆಕ್ಕಕ್ಕೆ ಬೀಳುತ್ತವೆ.

ಎಡವಟ್ಟಾಗುವುದು ಎರಡು ಹಾರ್ಟ್‌ಬೀಟ್ ನಡುವಿನ ಖಾಲಿ ಜಾಗದಲ್ಲಿ. ಟೈಮ್‌ಔಟ್ ಅಂತ ಒಂದು ಸೆಟ್ಟಿಂಗ್ ಇದೆ, ಎಷ್ಟು ಹೊತ್ತಿನ ಬಿಡುವನ್ನೂ ಕೆಲಸವೆಂದೇ ಎಣಿಸಬೇಕು ಅನ್ನುವುದಕ್ಕೆ. ಮೊದಲಿಗೆ 15 ನಿಮಿಷಕ್ಕೆ ಇಟ್ಟಿರುತ್ತಾರೆ. 10 ಗಂಟೆಗೆ ಒಂದು ಸಾಲು ಬರೆದು, ಫೋನಿನಲ್ಲಿ ಮಾತಾಡಿ, 10:12ಕ್ಕೆ ಮತ್ತೆ ಕೀ ಒತ್ತಿದಿರಿ ಅನ್ನಿ. ಆ 12 ನಿಮಿಷವೂ ಕೋಡಿಂಗ್ ಅಂತ ಸೇರಿಬಿಡುತ್ತದೆ. ಅದೇ 10:20ಕ್ಕೆ ಬಂದಿದ್ದರೆ ಆ 20 ನಿಮಿಷ ಪೂರ್ತಿ ಬಿಟ್ಟುಹೋಗುತ್ತದೆ, ಆಗ ನೀವು ಮಾತಾಡುತ್ತಿದ್ದದ್ದು ಅದೇ ಕ್ಲೈಂಟ್ ಜೊತೆ ಬಗ್ ಬಗ್ಗೆಯೇ ಆಗಿದ್ದರೂ ಸರಿ. ಬ್ರೌಸರ್‌ನಲ್ಲಿ ಡಾಕ್ಯುಮೆಂಟೇಶನ್ ಓದಿದ್ದು, ಹಾಳೆಯ ಮೇಲೆ ಡೇಟಾಬೇಸ್ ಟೇಬಲ್‌ಗಳ ಚಿತ್ರ ಬರೆದುಕೊಂಡಿದ್ದು, ಇವೂ ಎಡಿಟರ್‌ಗೆ ಕಾಣುವುದಿಲ್ಲ. ಕಷ್ಟದ ಬಗ್ ಹಿಡಿಯುವ ದಿನ ಟೈಪ್ ಮಾಡುವುದೇ ಕಡಿಮೆ, ಅಲ್ವಾ?

ಹಾಗಂತ ತೆಗೆದುಹಾಕಬೇಡಿ. ಯಾವ ದಿನ ಯಾವ ಪ್ರಾಜೆಕ್ಟ್ ಮುಟ್ಟಿದಿರಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನೆನಪು ಸಿಗುವುದಿಲ್ಲ. ಸಂಜೆ ಅದನ್ನು ಎದುರಿಗಿಟ್ಟುಕೊಂಡು ಕಾಲ್, ಓದು, ಟೆಸ್ಟಿಂಗ್ ಸಮಯವನ್ನು ಕೈಯಾರೆ ಸೇರಿಸಿ, ಆಮೇಲೆ ಬಿಲ್ ಬರೆಯಿರಿ. ಬ್ರೌಸರ್ ಸಮಯವೂ ತಾನಾಗಿಯೇ ಬೇಕು ಅಂದರೆ ಆಕ್ಟಿವಿಟಿವಾಚ್ ಅನ್ನುವ ಸಾಫ್ಟ್‌ವೇರ್ ನೋಡಿ. ಅದು ಉಚಿತ, ಓಪನ್ ಸೋರ್ಸ್, ದಾಖಲೆ ಎಲ್ಲ ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ.

ಪ್ರಶ್ನೆ: ಆಫೀಸಿನಲ್ಲಿ ಎಲ್ಲರೂ ಇಂಥ ಪ್ಲಗಿನ್ ಹಾಕಿಕೊಳ್ಳಿ ಅನ್ನುತ್ತಿದ್ದಾರೆ. ನಮ್ಮ ಕೋಡ್ ಹೊರಗೆ ಹೋಗುತ್ತದಾ?
— ಓದುಗರು, ಮೈಸೂರು

ಉತ್ತರ: ವಾಕಾಟೈಮ್ ಆದರೆ ಕೋಡ್ ಹೋಗುವುದಿಲ್ಲ. ಫೈಲ್, ಪ್ರಾಜೆಕ್ಟ್, ಬ್ರಾಂಚ್ (ಗಿಟ್‌ನಲ್ಲಿ ಕೋಡಿನ ಬೇರೆ ಕವಲು) ಹೆಸರುಗಳು ಹೋಗುತ್ತವೆ. ಅವನ್ನು ಮುಚ್ಚಿಡುವ ಆಯ್ಕೆ ಸೆಟ್ಟಿಂಗ್ಸ್ ಫೈಲಿನಲ್ಲಿದೆ. ಅದೂ ಬೇಡ ಅಂದರೆ ವಾಕಾಟೈಮ್ ಬದಲಿಗೆ ಲೆಕ್ಕ ಇಡುವ ವಾಕಾಪಿ ಅನ್ನುವ ಸಾಫ್ಟ್‌ವೇರನ್ನು ಆಫೀಸಿನ ಸರ್ವರ್‌ನಲ್ಲೇ ನಡೆಸಬಹುದು. ಪ್ಲಗಿನ್ ಅದೇ, ವಿಳಾಸ ಮಾತ್ರ ಬದಲಿಸಬೇಕು. ಆದರೆ ಹಾಕಿಕೊಳ್ಳುವ ಮೊದಲು ಮ್ಯಾನೇಜರ್ ಹತ್ತಿರ ಒಂದು ಮಾತು ನೇರವಾಗಿ ಕೇಳಿ: ಈ ಗಂಟೆಗಳನ್ನು ಅಪ್ರೈಸಲ್‌ಗೆ ಬಳಸುತ್ತೀರಾ? ಹೌದು ಅಂದರೆ ಒಪ್ಪಬೇಡಿ. ಬೇರೆಯವರ ಕೋಡ್ ರಿವ್ಯೂ ಮಾಡುವ, ಹೊಸಬರಿಗೆ ಕಲಿಸುವ ಸೀನಿಯರ್‌ಗೇ ಅಲ್ಲಿ ಎಲ್ಲರಿಗಿಂತ ಕಡಿಮೆ ಗಂಟೆ ಬೀಳುತ್ತದೆ.